ಸೈಕಲ್ಲಿನ ಹಿಂದಿನ ದೀಪ ಮತ್ತು ಒಂದು ಹಳೆಯ ಜಗಳ

ಕಳೆದ ಮಳೆಗಾಲದ ಒಂದು ಸಂಜೆ, ಪುಣೆಯಲ್ಲಿ ಆಫೀಸು ಮುಗಿಸಿ ಸೈಕಲ್ಲಿನಲ್ಲಿ ಮನೆಗೆ ಬರುತ್ತಿದ್ದೆ. ಹಿಂದಿನಿಂದ ಬಂದ ಕಾರೊಂದು ಹ್ಯಾಂಡಲ್ಲಿಗೆ ತಾಗಿತು. ಮೊಣಕೈ ತರಚಿತು, ಪುಣ್ಯಕ್ಕೆ ಅಷ್ಟೇ. ಕಾರಿನವನು ಇಳಿದು ಕೇಳಿದ ಮೊದಲ ಪ್ರಶ್ನೆ: "ಲೈಟ್ ಎಲ್ಲಿದೆ?" ಲೈಟ್ ಇತ್ತು, ಉರಿಯುತ್ತಲೂ ಇತ್ತು. ಆದರೆ ಸೀಟಿನ ಕೆಳಗೆ ಕಟ್ಟಿದ್ದ ಅದನ್ನು ನನ್ನ ರೇನ್‌ಕೋಟಿನ ಅಂಚು ಮುಚ್ಚಿಬಿಟ್ಟಿತ್ತು. "ಸಾರಿ" ಎಂದೆ. ಮನೆಗೆ ಬಂದು ಗಾಯ ತೊಳೆಯುವಾಗ ಹೊಳೆಯಿತು. ತಾಗಿಸಿದವನು ಅವನು, ಸಾರಿ ಕೇಳಿದವನು ನಾನು!

ಇದೇ ವಿಷಯಕ್ಕೆ ಇಂಗ್ಲೆಂಡಿನಲ್ಲಿ ವರ್ಷಗಟ್ಟಲೆ ಜಗಳ ನಡೆದಿದೆ ಎಂಬುದು ಆಮೇಲೆ ಓದಿ ತಿಳಿಯಿತು. ಕಾರುಗಳು ಹೆಚ್ಚುತ್ತಿದ್ದ 1920ರ ದಶಕದಲ್ಲಿ, ಸೈಕಲ್ಲುಗಳಿಗೆ ಹಿಂದೆ ಕೆಂಪು ದೀಪ ಕಡ್ಡಾಯವಾಗಬೇಕು ಎಂಬ ಒತ್ತಾಯ ಎದ್ದಿತು. ಬೇಡವೆಂದು ಪಟ್ಟು ಹಿಡಿದವರು ಸೈಕಲ್ ಸವಾರರೇ. 1878ರಲ್ಲಿ ಹುಟ್ಟಿದ ಸೈಕ್ಲಿಸ್ಟ್ಸ್ ಟೂರಿಂಗ್ ಕ್ಲಬ್ ಈ ವಿರೋಧದ ಮುಂಚೂಣಿಯಲ್ಲಿತ್ತು. ತಮ್ಮ ಜೀವ ಉಳಿಸುವ ದೀಪವನ್ನು ತಾವೇ ಬೇಡವೆನ್ನುವುದೇ ಎಂದು ಮೊದಲು ನಗು ಬಂತು. ಆದರೆ ಅವರ ವಾದ ಸರಳವಾಗಿತ್ತು. ಮುಂದೆ ಏನಿದೆಯೆಂದು ನೋಡಿಕೊಂಡು ಓಡಿಸುವುದು ಹಿಂದಿನಿಂದ ಬರುವವನ ಹೊಣೆ. ರಸ್ತೆಯಲ್ಲಿ ನಡೆದುಹೋಗುವವನ ಬೆನ್ನಿಗೆ ದೀಪವಿಲ್ಲ, ದನದ ಬಾಲಕ್ಕೂ ಇಲ್ಲ. ಸೈಕಲ್ಲಿಗೆ ದೀಪ ಕಡ್ಡಾಯ ಮಾಡಿದರೆ ಹೊಣೆ ಗುದ್ದುವವನಿಂದ ಗುದ್ದಿಸಿಕೊಳ್ಳುವವನಿಗೆ ಜಾರುತ್ತದೆ. ಬೆನ್ನ ಹಿಂದಿನ ದೀಪ ಆರಿಹೋದರೆ ಸವಾರನಿಗೆ ಗೊತ್ತಾಗುವುದೂ ಇಲ್ಲ.

ಸರ್ಕಾರ ನಡುವಿನ ದಾರಿ ಹಿಡಿಯಿತು. 1927ರ ಕಾಯಿದೆ ದೀಪದ ಬದಲು ಕೆಂಪು ರಿಫ್ಲೆಕ್ಟರ್ ಇದ್ದರೂ ಸಾಕೆಂದಿತು. 1934ರಲ್ಲಿ ಅದರ ಜೊತೆಗೆ ಹಿಂಭಾಗದಲ್ಲಿ ಬಿಳಿ ಬಣ್ಣದ ಪಟ್ಟಿಯೂ ಸೇರಿತು.

ಈ ಬಿಳಿ ಪಟ್ಟಿ ಎಂದಾಗ ದಾವಣಗೆರೆಯ ನಮ್ಮ ಮನೆಯ ಸೈಕಲ್ ಕಣ್ಣಮುಂದೆ ಬಂತು. ಕಪ್ಪು ಮಡ್‌ಗಾರ್ಡಿನ ತುದಿಗೆ ಬಿಳಿ ಬಣ್ಣ, ಅದರ ಮೇಲೆ ಕೆಂಪು ರಿಫ್ಲೆಕ್ಟರ್. ನಿಮ್ಮೂರಿನ ಸೈಕಲ್ಲುಗಳೂ ಹಾಗೇ ಇದ್ದವಲ್ಲವೇ? ನಮ್ಮ ದೇಶದ ಕಾರ್ಖಾನೆಗಳು ಬ್ರಿಟಿಷ್ ಮಾದರಿಯನ್ನೇ ಅನುಸರಿಸಿದ್ದವು. 1949ರಲ್ಲಿ ಮದ್ರಾಸಿನಲ್ಲಿ ಶುರುವಾದ ಟಿ.ಐ. ಸೈಕಲ್ಸ್‌ಗೆ ಇಂಗ್ಲೆಂಡಿನ ಟ್ಯೂಬ್ ಇನ್ವೆಸ್ಟ್‌ಮೆಂಟ್ಸ್ ಪಾಲುದಾರನಾಗಿತ್ತು. ಅಪ್ಪ ಪ್ರತಿ ಆಯುಧಪೂಜೆಗೆ ಸೈಕಲ್ ತೊಳೆದು, ಮಾಸಿದ ಆ ಪಟ್ಟಿಗೆ ಹೊಸದಾಗಿ ಬಿಳಿ ಬಣ್ಣ ಬಳಿಯುತ್ತಿದ್ದರು. ನಾನು ಅದನ್ನು ಅಲಂಕಾರ ಎಂದುಕೊಂಡಿದ್ದೆ.

ಅತ್ತ ಇಂಗ್ಲೆಂಡಿನ ಜಗಳ ಮುಗಿಸಿದ್ದು ಯುದ್ಧ. 1939ರ ಸೆಪ್ಟೆಂಬರಿನಲ್ಲಿ ಬ್ಲ್ಯಾಕ್‌ಔಟ್ ಬಂತು. ಬೀದಿದೀಪ ಆರಿದವು, ಕಾರಿನ ದೀಪಗಳಿಗೆ ಮುಸುಕು ಬಿತ್ತು. 1938ರಲ್ಲಿ 6,648 ಇದ್ದ ರಸ್ತೆ ಸಾವುಗಳು 1941ರಲ್ಲಿ 9,169ಕ್ಕೆ ಏರಿದವು. ಆ ಕತ್ತಲಲ್ಲಿ ಸೈಕಲ್ಲಿನ ಹಿಂದಿನ ದೀಪ ಕಡ್ಡಾಯವಾಯಿತು. 1945ರ ಕಾಯಿದೆ ಅದನ್ನು ಕಾಯಂ ಮಾಡಿತು. ಕ್ಲಬ್ಬಿನವರ ವಾದಕ್ಕೆ ಯಾರೂ ಉತ್ತರ ಕೊಟ್ಟಂತಿಲ್ಲ, ಅದನ್ನು ಬದಿಗೆ ಸರಿಸಿದರು ಅಷ್ಟೇ.

ದೀಪ ಎಲ್ಲಿರಬೇಕೆಂದೂ ಬ್ರಿಟನ್ನಿನ ಇಂದಿನ ನಿಯಮ ಹೇಳುತ್ತದೆ: ನೆಲದಿಂದ 350ರಿಂದ 1500 ಮಿಲಿಮೀಟರ್ ಎತ್ತರದಲ್ಲಿ, ನಡುವೆ ಅಥವಾ ಬಲಕ್ಕೆ. ಅಲ್ಲೂ ನಮ್ಮಂತೆ ಎಡಗಡೆ ಸಂಚಾರ, ಹಿಂದಿಕ್ಕುವವರು ಬಲದಿಂದ ಬರುತ್ತಾರೆ. ನಾನೂ ಎಲ್ಲ ಜಾಗ ಪರೀಕ್ಷಿಸಿದೆ. ಸೀಟಿನ ಕೆಳಗೆ ಕೋಟು ಮುಚ್ಚುತ್ತದೆ. ಬೆನ್ನಚೀಲಕ್ಕೆ ಸಿಕ್ಕಿಸಿದರೆ, ನಾನು ಬಗ್ಗಿದಾಗ ದೀಪ ಆಕಾಶ ನೋಡುತ್ತದೆ. ಹೆಲ್ಮೆಟ್ಟಿನ ದೀಪ ತಲೆಯ ಜೊತೆ ತಿರುಗುತ್ತದೆ. ಕೊನೆಗೆ ಕ್ಯಾರಿಯರಿನ ಹಿಂತುದಿಗೆ ನೆಲಕ್ಕೆ ಸಮನಾಗಿ, ನೇರ ಹಿಂದಕ್ಕೆ ಮುಖಮಾಡಿ ಬಿಗಿದೆ. ಸೈಕಲ್ ನಿಲ್ಲಿಸಿ, ಇಪ್ಪತ್ತು ಹೆಜ್ಜೆ ಹಿಂದೆ ಹೋಗಿ, ಕಾರಿನವನ ಎತ್ತರಕ್ಕೆ ಬಗ್ಗಿ ನೋಡಿದೆ. ಚೆನ್ನಾಗಿ ಕಾಣುತ್ತದೆ.

ಈ ಸಲದ ಆಯುಧಪೂಜೆಗೆ ಮಡ್‌ಗಾರ್ಡಿನ ತುದಿಗೆ ಬಿಳಿ ಬಣ್ಣವನ್ನೂ ಬಳಿದಿದ್ದೇನೆ. ಇನ್ನು ಯಾರಾದರೂ "ಲೈಟ್ ಎಲ್ಲಿದೆ?" ಎಂದರೆ ತೋರಿಸುತ್ತೇನೆ. ಆಮೇಲೆ, ನೀವು ಎಲ್ಲಿ ನೋಡುತ್ತಿದ್ದಿರಿ ಎಂದು ನಾನೂ ಕೇಳುತ್ತೇನೆ.