ಹುಳುಮನೆಯಲ್ಲಿ ಉಳಿದ ತಳಿ

ಕೈಮುಗಿದು ನಿಂತಂತೆ ಕಾಣುವ ಸೂರ್ಯನ ಕುದುರೆಯನ್ನು ಡಬ್ಬಿಯಲ್ಲಿಟ್ಟು, ಜೀವಂತ ನೊಣ ಹಾಕಿ ಸಾಕುವವರು ಜಗತ್ತಿನ ಹಲವೆಡೆ ಇದ್ದಾರೆ. ಅದನ್ನು ಕೇಳಿದರೆ ನಮ್ಮಲ್ಲಿ ಅನೇಕರು ಹೊಟ್ಟೆ ತುಂಬಿದವರ ಶೋಕಿ ಎಂದು ನಗುತ್ತಾರೆ. ಹಳೇ ಮೈಸೂರಿನವರು ಹಾಗೆ ನಗುವಂತಿಲ್ಲ. ಮನೆಮಂದಿ ಮಲಗುವ ಸೂರಿನಡಿಯಲ್ಲೇ ಹುಳುವಿಗೂ ಜಾಗ ಕೊಟ್ಟ ಸೀಮೆ ಇದು. ಇಲ್ಲಿ ರೇಷ್ಮೆ ಉಳಿದದ್ದು ಅರಮನೆಯ ಅಪ್ಪಣೆಗಿಂತ ಹೆಚ್ಚಾಗಿ ಮನೆಯೊಳಗಿನ ಆ ಆರೈಕೆಯಿಂದ ಎಂಬುದು ನನ್ನ ವಾದ.

ಅಪ್ಪಣೆಯ ಕಥೆ ಎಲ್ಲರಿಗೂ ಗೊತ್ತು. ರೇಷ್ಮೆಹುಳು ತರಲು ಬಂಗಾಳಕ್ಕೆ ಹೋಗಿದ್ದ ಬುರ್ಹಾನುದ್ದೀನ್ ಮತ್ತು ಕಸ್ತೂರಿ ರಂಗ ಎಂಬಿಬ್ಬರ ವಿಷಯವಾಗಿ ಟಿಪ್ಪು ಸುಲ್ತಾನ 1786ರಲ್ಲಿ ಶ್ರೀರಂಗಪಟ್ಟಣದ ಕಿಲ್ಲೇದಾರನಿಗೆ ಪತ್ರ ಬರೆದ. ಮುಂದೆ 21 ಕಡೆ ಹುಳು ಸಾಕಲು ಹುಕುಂ ಹೊರಟಿತು. ರಾಜ್ಯಶಕ್ತಿ ಇಲ್ಲದಿದ್ದರೆ ಹುಳು ಕಾವೇರಿಯವರೆಗೆ ಬರುತ್ತಲೇ ಇರಲಿಲ್ಲ ಎಂದು ಯಾರಾದರೂ ಹೇಳಿದರೆ ಒಪ್ಪಲೇಬೇಕು. ಆದರೆ ತರುವುದು ಬೇರೆ, ಉಳಿಸುವುದು ಬೇರೆ. 1799ರಲ್ಲಿ ಟಿಪ್ಪು ಮಡಿದ. ಮೈಸೂರು ಸಂಸ್ಥಾನದಲ್ಲಿ ರೇಷ್ಮೆ ಇಲಾಖೆ ಹುಟ್ಟಿದ್ದು 1914ರಲ್ಲಿ. ನಡುವಿನ 115 ವರ್ಷ ಹುಳುವನ್ನು ಕಾದವರು ಯಾರು?

ಇಲ್ಲಿ ಹುಳುವಿನ ಸ್ವಭಾವವೇ ಸಾಕ್ಷಿ ಹೇಳುತ್ತದೆ. ಚಳಿದೇಶದ ತಳಿಗಳ ಮೊಟ್ಟೆ ಚಳಿಗಾಲವಿಡೀ ನಿದ್ರಿಸುತ್ತದೆ, ಎತ್ತಿಟ್ಟು ಮುಂದಿನ ವಸಂತಕ್ಕೆ ಮರಿ ಮಾಡಿಸಬಹುದು. ಮೈಸೂರು ತಳಿಗೆ ಆ ನಿದ್ದೆ ಇಲ್ಲ. ಇಟ್ಟ ಮೊಟ್ಟೆ ಹತ್ತು ದಿನಕ್ಕೆಲ್ಲ ಒಡೆಯುತ್ತದೆ. ಮೊಟ್ಟೆಯಿಂದ ಮೊಟ್ಟೆಗೆ ಸುಮಾರು 50 ದಿನ, ವರ್ಷಕ್ಕೆ ಏಳು ತಲೆಮಾರು. ಕಣಜದಲ್ಲಿ ಬಿತ್ತನೆ ಕಾಳು ಇಟ್ಟಂತೆ ಇದನ್ನು ಇಡಲಾಗದು. ಸೀಮೆಯ ಹುಳುಮನೆಗಳೆಲ್ಲ ಒಂದು ಬೆಳೆ ಕೈಬಿಟ್ಟಿದ್ದರೆ ತಳಿಯೇ ನಿರ್ವಂಶ. ಅಂದರೆ ಆ 115 ವರ್ಷಗಳಲ್ಲಿ ಸುಮಾರು ಎಂಟುನೂರು ತಲೆಮಾರುಗಳನ್ನು ಎಲ್ಲೂ ಕೊಂಡಿ ಕಳಚದಂತೆ ಯಾರೋ ದಾಟಿಸಿದ್ದಾರೆ. 1860ರ ದಶಕದಲ್ಲಿ ರೋಗ ಬಡಿದಾಗ ಇಟಲಿಯ ದೆ ವೆಕ್ಕಿ ಎಂಬಾತ ಜಪಾನಿನಿಂದ ಮೊಟ್ಟೆ ತರಿಸಿದ್ದುಂಟು. ಆದರೂ ತಿಳಿಹಸಿರು ಮಿಶ್ರಿತ ಹಳದಿ ಗೂಡಿನ ನಾಡತಳಿ ಅಳಿಯಲಿಲ್ಲ.

ಆ ಕೆಲಸ ಎಂಥದ್ದೆಂದು ಹತ್ತಿರದಿಂದ ನೋಡಬೇಕು. ಒಡೆದು ಬಂದ ಮರಿ ಇರುವೆಗಿಂತ ದೊಡ್ಡದಲ್ಲ. ಅದಕ್ಕೆ ಎಳೆಯ ಹಿಪ್ಪುನೇರಳೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಉದುರಿಸಬೇಕು. ನಾಲ್ಕು ಸಲ ಪೊರೆ ಬಿಡುತ್ತದೆ. ರೈತರ ಬಾಯಲ್ಲಿ ಅದು ‘ಜ್ವರ’. ಜ್ವರಕ್ಕೆ ಕೂತ ಹುಳು ತಲೆ ಎತ್ತಿ ಅಲುಗದೆ ನಿಲ್ಲುತ್ತದೆ. ಆಗ ಸೊಪ್ಪು ಹಾಕಬಾರದು, ಮುಟ್ಟಬಾರದು, ತಟ್ಟೆ ಒಣಗಿರಲು ಸುಣ್ಣ ಉದುರಿಸಬೇಕು. ಕೊನೆಯ ಜ್ವರ ಎದ್ದ ಮೇಲೆ ಅವು ಸೊಪ್ಪು ಮೇಯುವ ಸದ್ದು ಮಳೆ ಹನಿದಂತೆ. ಹುಳು ಹಣ್ಣಾಯಿತೆಂದರೆ ಒಂದೊಂದಾಗಿ ಆರಿಸಿ, ಗೂಡು ಕಟ್ಟುವ ಚಂದ್ರಿಕೆಗೆ ಬಿಡಬೇಕು. ಇದರಲ್ಲಿ ಬಹುಪಾಲು ಹೆಂಗಸರ ಕೈಕೆಲಸ. ಹೆಸರು ಮಾತ್ರ ಸುಲ್ತಾನನದು!

ಕೊನೆಗೆ ಹುಳುವನ್ನು ಗೂಡುಸಮೇತ ಬಿಸಿನೀರಿಗೆ ಹಾಕುವುದನ್ನು ಸಾಕಣೆ ಎನ್ನಬಹುದೇ ಎಂಬ ಆಕ್ಷೇಪ ತಳ್ಳಿಹಾಕುವಂಥದ್ದಲ್ಲ. ಇದು ಮುದ್ದಿಗಾಗಿ ಸಾಕಿದ್ದಲ್ಲ, ಹೊಟ್ಟೆಪಾಡು. ಸೂರ್ಯನ ಕುದುರೆ ಇಲ್ಲಿ ಒಳಮನೆ ಸೇರದಿದ್ದುದಕ್ಕೂ ಅದೇ ಕಾರಣವಿರಬೇಕು: ಅದು ನೂಲು ಕೊಡದು, ಒಟ್ಟಿಗೆ ಬಿಟ್ಟರೆ ಒಡಹುಟ್ಟಿದವನ್ನೇ ತಿನ್ನುತ್ತದೆ. ಆದರೆ ಪೊರೆ ಬಿಡುವಾಗ ಮುಟ್ಟದಿರುವುದು, ಗಾಳಿಯ ತೇವ ನೋಡುವುದು, ಮೈಬಣ್ಣದಲ್ಲೇ ರೋಗ ಗುರುತಿಸುವುದು ಎರಡಕ್ಕೂ ಒಂದೇ ವಿದ್ಯೆ.

ಪಿರಿಯಾಪಟ್ಟಣ ತಾಲ್ಲೂಕಿನ ರಾವಂದೂರಿನ ಸುತ್ತ ಈಗ ತಂಬಾಕಿನದೇ ದರ್ಬಾರು. ಇಲ್ಲಿ ಹುಳುವಿನ ನಾಜೂಕು ಇನ್ನೊಂದು ರೀತಿ ಕಾಣುತ್ತದೆ. ಹೊಗೆಸೊಪ್ಪಿನ ಹೊಲದ ಪಕ್ಕದ ಹಿಪ್ಪುನೇರಳೆಗೆ ನಿಕೋಟಿನ್ ತಾಗಿದರೆ, ಆ ಸೊಪ್ಪು ತಿಂದ ಹುಳು ಸಾಯುತ್ತದೆ. ಆದ್ದರಿಂದ ಎರಡೂ ಬೆಳೆಗೆ ಒಂದೇ ಬದು ಆಗದು. ಹುಣಸೂರು, ಪಿರಿಯಾಪಟ್ಟಣದ ರೈತ ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು.

ಶುದ್ಧ ಮೈಸೂರು ತಳಿಯನ್ನು ಇಂದು ಮಾಗಡಿ, ಕುಣಿಗಲ್ ಕಡೆಯ ಬಿತ್ತನೆ ಪ್ರದೇಶಗಳಲ್ಲಿ ಬಿತ್ತನೆ ಗೂಡಿಗಾಗಿ ಸಾಕುತ್ತಾರೆ. ರೈತರು ಬೆಳೆಯುವ ಮಿಶ್ರತಳಿಗೆ ಗಂಡು ಹೊರಗಿನ ತಳಿಯದು, ತಾಯಿಚಿಟ್ಟೆ ಈಗಲೂ ಮೈಸೂರಿನದೇ.