ಟೈಕೋ ಅವಶೇಷದ ಅಂಚು: ಕಣಗಳ ವೇಗವರ್ಧನೆಯಲ್ಲಿ ಪ್ರಕ್ಷುಬ್ಧತೆಯ ಪಾತ್ರ

1572ರ ನವೆಂಬರಿನಲ್ಲಿ ಟೈಕೋ ಬ್ರಾಹೆ ಗುರುತಿಸಿದ ‘ಹೊಸ ತಾರೆ’ ಒಂದು ಸೂಪರ್‌ನೋವಾ ಸ್ಫೋಟ; ಅದರ ಅವಶೇಷ ಇಂದಿಗೂ ಸೆಕೆಂಡಿಗೆ ಸಾವಿರಾರು ಕಿ.ಮೀ. ವೇಗದಲ್ಲಿ ಹಿಗ್ಗುತ್ತಿದೆ. ಚಂದ್ರ ಎಕ್ಸ್-ಕಿರಣ ದೂರದರ್ಶಕದ ಚಿತ್ರಗಳಲ್ಲಿ ಅದರ ಹೊರ ಅಂಚಿಗೆ ನೂಲಿನಷ್ಟು ತೆಳುವಾದ ಗೆರೆಗಳಿವೆ. ಕಾಂತಕ್ಷೇತ್ರದಲ್ಲಿ ಸುರುಳಿ ಸುತ್ತುವ ಇಲೆಕ್ಟ್ರಾನುಗಳು ಸೂಸುವ ಸಿಂಕ್ರೊಟ್ರಾನ್ ಬೆಳಕು ಅದು. ಹತ್ತಾರು ಟೆರಾ ಇಲೆಕ್ಟ್ರಾನ್‌ವೋಲ್ಟ್ ಶಕ್ತಿಯ ಈ ಇಲೆಕ್ಟ್ರಾನುಗಳು ಸ್ಫೋಟದ ಆಘಾತ ತರಂಗದಿಂದ ದೂರ ಸಾಗುವ ಮೊದಲೇ ಶಕ್ತಿ ಕಳೆದುಕೊಳ್ಳಬೇಕಾದರೆ ಕಾಂತಕ್ಷೇತ್ರ ನೂರು ಮೈಕ್ರೋಗಾಸ್ ದಾಟಿರಬೇಕು. ಅಂತರತಾರಾ ಮಾಧ್ಯಮದಲ್ಲಿರುವುದು ಕೆಲವೇ ಮೈಕ್ರೋಗಾಸ್. ಗೆರೆಗಳ ತೆಳುತನಕ್ಕೆ ಕಾಂತಕ್ಷೇತ್ರವೇ ಬೇಗ ಕ್ಷೀಣಿಸುವುದು ಕಾರಣವೆನ್ನುವವರೂ ಇದ್ದಾರೆ. ಆಗಲೂ ಅದು ಆಘಾತದ ಬಳಿ ಮೊದಲು ವರ್ಧಿಸಿರಲೇಬೇಕು.

ಕಣಗಳಿಗೆ ಇಷ್ಟು ಶಕ್ತಿ ಬರುವುದು ಹೇಗೆ? 1949ರಲ್ಲಿ ಎನ್ರಿಕೊ ಫರ್ಮಿ ಸೂಚಿಸಿದ ಮೂಲ ಕಲ್ಪನೆಯಲ್ಲಿ ಕಣಗಳು ಚಲಿಸುವ ಕಾಂತೀಯ ಮೋಡಗಳಿಗೆ ಬಡಿದು ನಿಧಾನವಾಗಿ ಶಕ್ತಿ ಗಳಿಸುತ್ತವೆ. 1977–78ರಲ್ಲಿ ಕ್ರಿಮ್ಸ್ಕಿ, ಆ್ಯಕ್ಸ್‌ಫರ್ಡ್, ಬೆಲ್, ಬ್ಲಾಂಡ್‌ಫರ್ಡ್ ಮೊದಲಾದವರು ಈ ವಿಚಾರವನ್ನು ಆಘಾತ ತರಂಗಕ್ಕೆ ಅನ್ವಯಿಸಿದರು. ಸೆಕೆಂಡಿಗೆ 5000 ಕಿ.ಮೀ. ವೇಗದ ಪ್ರಬಲ ಆಘಾತವನ್ನು ಕಣವೊಂದು ಒಮ್ಮೆ ದಾಟಿ ಹಿಂದಿರುಗಿದರೆ ಅದರ ಶಕ್ತಿಯ ಹೆಚ್ಚಳ ಶೇ. 2ಕ್ಕಿಂತ ಕಡಿಮೆ. ಆದ್ದರಿಂದ ನೂರಾರು ಸುತ್ತುಗಳು ಬೇಕು. ಕಣವನ್ನು ಮತ್ತೆ ಮತ್ತೆ ಹಿಂದಕ್ಕೆ ತಿರುಗಿಸುವುದು ಪ್ರಕ್ಷುಬ್ಧ ಕಾಂತಕ್ಷೇತ್ರ. ಪ್ರಕ್ಷುಬ್ಧತೆಯನ್ನೇ ಶಕ್ತಿಯ ಮೂಲವೆಂದು ಬರೆಯುವ ರೂಢಿಯನ್ನು ನಾನು ಒಪ್ಪಲಾರೆ: ಇಲ್ಲಿ ಶಕ್ತಿಯ ಬಹುಪಾಲು ಆಘಾತದ ಎರಡು ಬದಿಯ ಹರಿವುಗಳ ವೇಗವ್ಯತ್ಯಾಸದಿಂದಲೇ ಬರುತ್ತದೆ.

ಆದರೆ ಕಣ ಎಷ್ಟು ಮೇಲೇರಬಲ್ಲದೆಂಬುದನ್ನು ನಿರ್ಧರಿಸುವುದು ಪ್ರಕ್ಷುಬ್ಧತೆಯೇ. 100 ಟೆರಾ ಇಲೆಕ್ಟ್ರಾನ್‌ವೋಲ್ಟ್ ಪ್ರೋಟಾನಿನ ಸುರುಳಿಯ ತ್ರಿಜ್ಯ 3 ಮೈಕ್ರೋಗಾಸ್ ಕ್ಷೇತ್ರದಲ್ಲಿ ಜ್ಯೋತಿರ್ವರ್ಷದ ಸುಮಾರು ಹತ್ತನೇ ಒಂದು ಭಾಗ. ಅಂಥ ದುರ್ಬಲ ಕ್ಷೇತ್ರದಲ್ಲಿ ಕಣ ಆಘಾತಕ್ಕೆ ಮರಳಲು ಹಿಡಿಯುವ ಸಮಯ ದೀರ್ಘವಾಗುವುದರಿಂದ, ಅವಶೇಷದ ಆಯುಷ್ಯದೊಳಗೆ ಅದರ ಶಕ್ತಿ ಇದಕ್ಕಿಂತ ಹೆಚ್ಚು ಏರುವುದು ಕಷ್ಟ. 1983ರಲ್ಲಿ ಲಗಾಜ್ ಮತ್ತು ಸೆಸಾರ್ಸ್ಕಿ ತೋರಿಸಿದ್ದು ಈ ಮಿತಿಯನ್ನೇ. 2004ರಲ್ಲಿ ಬೆಲ್ ಇದಕ್ಕೊಂದು ಪರಿಹಾರ ಸೂಚಿಸಿದರು: ಮುಂದಕ್ಕೆ ನುಗ್ಗುವ ಈ ವೇಗವರ್ಧಿತ ಕಣಗಳ, ಅಂದರೆ ವಿಶ್ವಕಿರಣಗಳ, ವಿದ್ಯುತ್ ಪ್ರವಾಹವೇ ಪ್ಲಾಸ್ಮಾದಲ್ಲಿ ಅಸ್ಥಿರತೆ ಹುಟ್ಟಿಸಿ ಕಾಂತಕ್ಷೇತ್ರವನ್ನು ಹಲವು ಪಟ್ಟು ಹೆಚ್ಚಿಸುತ್ತದೆ. ತಮ್ಮನ್ನು ಹಿಡಿದಿಡುವ ಬಲೆಯನ್ನು ಕಣಗಳೇ ಹೆಣೆಯುತ್ತವೆ.

ಎಕ್ಸ್-ಕಿರಣಗಳ ಧ್ರುವೀಕರಣ ಅಳೆಯುವ ಐಎಕ್ಸ್‌ಪಿಇ ಉಪಗ್ರಹದ ಅಳತೆ ಈ ವಿವರಣೆಗೆ ಪುಷ್ಟಿ ಕೊಡುತ್ತದೆ. ಕ್ರಮಬದ್ಧ ಕ್ಷೇತ್ರದಲ್ಲಿ ಸಿಂಕ್ರೊಟ್ರಾನ್ ಬೆಳಕಿನ ಧ್ರುವೀಕರಣ ಶೇ. 70ನ್ನೂ ಮೀರಬಹುದು, ಟೈಕೋ ಅಂಚಿನಲ್ಲಿ ಕಂಡದ್ದು ಸುಮಾರು ಶೇ. 12. ಅಂದರೆ ಕ್ಷೇತ್ರ ಬಹುಮಟ್ಟಿಗೆ ಸಿಕ್ಕುಸಿಕ್ಕಾಗಿದೆ. ಉಳಿದ ಕ್ರಮ ಮಾತ್ರ ತ್ರಿಜ್ಯದ ದಿಕ್ಕಿನಲ್ಲಿದೆ. ಆಘಾತದ ಸಂಕೋಚನ ಅಂಚಿಗೆ ಸಮಾನಾಂತರವಾದ ಕ್ಷೇತ್ರವನ್ನು ಬಲಪಡಿಸಬೇಕಾದುದರಿಂದ ಇದಕ್ಕೆ ಬೇರೆಯೇ ವಿವರಣೆ ಬೇಕು.

ಇಷ್ಟು ಪ್ರಬಲ ಪ್ರಕ್ಷುಬ್ಧತೆಯಿದ್ದರೂ ಟೈಕೋದ ಗಾಮಾ ಕಿರಣಗಳ ರೋಹಿತ ಟೆರಾ ಇಲೆಕ್ಟ್ರಾನ್‌ವೋಲ್ಟ್ ಮಟ್ಟದಲ್ಲೇ ಕಡಿದಾಗಿ ಇಳಿಯುತ್ತದೆ. ವಿಶ್ವಕಿರಣ ರೋಹಿತ ಬಾಗುವ 3 ಪೆಟಾ ಇಲೆಕ್ಟ್ರಾನ್‌ವೋಲ್ಟ್ ಇನ್ನೂ ಬಹಳ ಮೇಲಿದೆ. ಅಷ್ಟು ಶಕ್ತಿಯ ಕಣಗಳನ್ನು ಸೂಪರ್‌ನೋವಾಗಳೇ ತಯಾರಿಸುವುದಾದರೆ, ಸ್ಫೋಟದ ನಂತರದ ಕೆಲವೇ ದಶಕಗಳಲ್ಲಿ, ದಟ್ಟ ಅನಿಲ ಸುತ್ತುವರಿದ ಆಘಾತಗಳಲ್ಲಿ ಅದಕ್ಕೆ ಸಾಕ್ಷ್ಯ ಹುಡುಕುವುದು ಹೆಚ್ಚು ಫಲಪ್ರದವೆಂದು ನನ್ನ ಅಭಿಪ್ರಾಯ.