ಮಾನವ ಸೇವಾ ಕಾರ್ಯಕ್ರಮಗಳಲ್ಲಿ ಫಲಿತಾಂಶ ಮಾಪನ: ಅನುದಾನ, ಮೌಲ್ಯಮಾಪನ ಮತ್ತು ಅಂಗನವಾಡಿ

ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯ ಬಳಿ ಕೃಷ್ಣಾ ನದಿಗೆ ಅಡ್ಡಲಾಗಿ ರೈತರು ತಮ್ಮದೇ ವಂತಿಗೆ ಹಾಗೂ ಶ್ರಮದಿಂದ 1989ರಲ್ಲಿ ಬ್ಯಾರೇಜು ನಿರ್ಮಿಸಿದರು. ಸಿದ್ದು ನ್ಯಾಮಗೌಡರ ನೇತೃತ್ವದಲ್ಲಿ ನಡೆದ ಈ ಕಾರ್ಯ ‘ಶ್ರಮಬಿಂದು ಸಾಗರ’ವೆಂದು ಹೆಸರಾಗಿದೆ. ವಂತಿಗೆ ಕೊಟ್ಟವರು ದಡದಲ್ಲಿ ನಿಂತು ನೀರು ನಿಂತಿದೆಯೇ ಎಂಬುದನ್ನು ಕಣ್ಣಾರೆ ನೋಡಬಹುದಾಗಿತ್ತು. ಅಂಗನವಾಡಿಗೆ ವೆಚ್ಚವಾಗುವ ಹಣದ ಫಲ ಹಾಗೆ ಕಣ್ಣಿಗೆ ಬೀಳುವುದಿಲ್ಲ. ಅದನ್ನು ಅಳೆದೇ ತಿಳಿಯಬೇಕಾಗುತ್ತದೆ.

ಬಿಡುಗಡೆಯಾದ ಅನುದಾನವು ಹೂಡಿಕೆ. ವಿತರಿಸಿದ ಆಹಾರ, ಕೇಂದ್ರ ತೆರೆದ ದಿನಗಳು ಉತ್ಪನ್ನ. ಮಗುವಿನ ಬೆಳವಣಿಗೆಯು ಫಲಿತಾಂಶ. ಹಣ ಬಳಕೆ ಪ್ರಮಾಣಪತ್ರವು ಮೊದಲನೆಯದಕ್ಕೆ ಮಾತ್ರ ಸಾಕ್ಷಿ. ಜಮಾ-ಖರ್ಚು ಸರಿಹೊಂದಿದ ಮಾತ್ರಕ್ಕೆ ಅಂಗಡಿಗೆ ಲಾಭವಾಯಿತೆಂದು ಯಾವ ವ್ಯಾಪಾರಿಯೂ ಹೇಳುವುದಿಲ್ಲ. ಕೇಂದ್ರ ಸರ್ಕಾರವು 2005-06ರಲ್ಲಿ ಫಲಿತಾಂಶ ಆಯವ್ಯಯವನ್ನು ಆರಂಭಿಸಿತು. ರಾಜ್ಯದಲ್ಲಿ 2011ರಲ್ಲಿ ಕರ್ನಾಟಕ ಮೌಲ್ಯಮಾಪನ ಪ್ರಾಧಿಕಾರ ಸ್ಥಾಪನೆಯಾಯಿತು.

ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಪ್ರಾಯೋಗಿಕವಾಗಿ ಆರಂಭವಾಯಿತು. ರಾಜ್ಯದಲ್ಲಿ ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. 2009ರಲ್ಲಿ ಪರಿಷ್ಕರಿಸಿದ ಪ್ರಮಾಣದಂತೆ ಮಗುವಿಗೆ ದಿನಕ್ಕೆ 500 ಕ್ಯಾಲೊರಿ ಹಾಗೂ 12ರಿಂದ 15 ಗ್ರಾಂ ಪ್ರೋಟೀನ್, ತೀವ್ರ ಅಪೌಷ್ಟಿಕತೆಯುಳ್ಳ ಮಗುವಿಗೆ 800 ಕ್ಯಾಲೊರಿ ಪೂರಕ ಆಹಾರ ಒದಗಿಸಬೇಕಾಗಿತ್ತು. ಇಷ್ಟು ಕೊಟ್ಟೆವೆಂಬ ಲೆಕ್ಕ ಉತ್ಪನ್ನದ ಲೆಕ್ಕವೇ ಹೊರತು ಮಗು ಬೆಳೆಯಿತೆಂಬುದರ ಲೆಕ್ಕವಲ್ಲ.

ಫಲಿತಾಂಶವನ್ನು ತಿಳಿಸುವುದು ತೂಕದ ಯಂತ್ರ ಮತ್ತು ಬೆಳವಣಿಗೆ ನಕ್ಷೆ. ಇಲ್ಲಿಯೂ ಎಚ್ಚರ ಅಗತ್ಯ. 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡವನ್ನು ಅಳವಡಿಸಿಕೊಂಡ ನಂತರ ಹಿಂದಿನ ನಾಲ್ಕು ದರ್ಜೆಗಳ ವರ್ಗೀಕರಣವು ಕೈಬಿಟ್ಟುಹೋಯಿತು. ಆದ್ದರಿಂದ ಅದಕ್ಕೂ ಮುಂಚಿನ ವಹಿಯ ಅಂಕಿಗಳನ್ನು ನಂತರದವುಗಳೊಡನೆ ನೇರವಾಗಿ ಹೋಲಿಸಲಾಗದು.

ಇದಕ್ಕಿಂತ ಗಂಭೀರವಾದ ತೊಡಕು ಬೇರೊಂದಿದೆ. ಅಪೌಷ್ಟಿಕ ಮಕ್ಕಳ ಸಂಖ್ಯೆ ಹೆಚ್ಚಿದ ಕೇಂದ್ರಕ್ಕೆ ಕಾರಣ ಕೇಳುವ ನೋಟಿಸು ಬರುವುದಾದರೆ, ತೂಕದ ಮುಳ್ಳು ವಹಿಯಲ್ಲಿ ತಾನಾಗಿಯೇ ಮೇಲೇರುತ್ತದೆ. ಹಾಗೆ ಮೇಲೇರಿದ ಅಂಕಿಯಿಂದ ಆ ಮಗುವಿನ ಹೆಸರು ತೀವ್ರ ಅಪೌಷ್ಟಿಕತೆಯ ಪಟ್ಟಿಯಿಂದ ಬಿಟ್ಟುಹೋಗಿ, ಅದಕ್ಕೆ ಸಲ್ಲಬೇಕಾದ ಹೆಚ್ಚುವರಿ ಆಹಾರವೂ ವೈದ್ಯಕೀಯ ತಪಾಸಣೆಯೂ ತಪ್ಪುತ್ತವೆ. ಹೆಚ್ಚು ಮಕ್ಕಳನ್ನು ಗುರುತಿಸಿದ ಕಾರ್ಯಕರ್ತೆ ಕೆಲಸ ಮಾಡಿದವಳೆಂದೇ ತಿಳಿಯತಕ್ಕದ್ದು. ಈ ಕಾರಣದಿಂದ ಸೇವೆ ನೀಡುವವರ ಅಂಕಿಗಳನ್ನು ಸ್ವತಂತ್ರ ಸಮೀಕ್ಷೆಯೊಡನೆ ತಾಳೆ ನೋಡಲಾಗುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ ಐದು ವರ್ಷದೊಳಗಿನ ಕಡಿಮೆ ತೂಕದ ಮಕ್ಕಳ ಪ್ರಮಾಣ 2015-16ರಲ್ಲಿ ಶೇ. 35.2 ಇದ್ದುದು 2019-20ರಲ್ಲಿ ಶೇ. 32.9ಕ್ಕೆ ಇಳಿಯಿತು. ವಯಸ್ಸಿಗೆ ತಕ್ಕ ಎತ್ತರವಿಲ್ಲದ ಮಕ್ಕಳ ಪ್ರಮಾಣ ಶೇ. 36.2ರಿಂದ ಶೇ. 35.4ಕ್ಕೆ ಬಂದಿತು, ಇದು ಅತ್ಯಲ್ಪ ಇಳಿಕೆ. ತೂಕವೊಂದನ್ನೇ ನೋಡಿದ್ದರೆ ಇದು ತಿಳಿಯುತ್ತಿರಲಿಲ್ಲ.

ಜಮಖಂಡಿ, ಮುಧೋಳ ಭಾಗವು ಕಬ್ಬಿನ ಸೀಮೆಯಾಗಿದ್ದು, ಕಟಾವಿನ ಕಾಲದಲ್ಲಿ ಹೊರ ಊರಿನ ಕೂಲಿ ಕುಟುಂಬಗಳು ಮಕ್ಕಳೊಡನೆ ಬಂದು ಹೊಲದ ಗುಡಿಸಲುಗಳಲ್ಲಿ ನೆಲೆಸುತ್ತವೆ. ಇಂತಹ ಮಗು ಬಿಟ್ಟುಬಂದ ಊರಿನ ಪಟ್ಟಿಯಲ್ಲಿ ಗೈರುಹಾಜರಿ, ಬಂದ ಊರಿನ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಪಟ್ಟಿಗೆ ಸೇರದ ಮಗು ಶೇಕಡಾವಾರು ಲೆಕ್ಕವನ್ನು ಕೆಡಿಸುವುದಿಲ್ಲ. ಎರಡೂ ಕೇಂದ್ರಗಳ ಅಂಕಿ ಉತ್ತಮವಾಗಿಯೇ ಕಾಣುತ್ತದೆ. 2021ರಿಂದ ಬಳಕೆಗೆ ಬಂದ ಪೋಷಣ್ ಟ್ರ್ಯಾಕರ್‌ನಲ್ಲಿ ಫಲಾನುಭವಿಯ ಹೆಸರನ್ನು ವಲಸೆ ಹೋದ ಊರಿನ ಕೇಂದ್ರಕ್ಕೆ ವರ್ಗಾಯಿಸಲು ಅವಕಾಶ ಕಲ್ಪಿಸಲಾಗಿದೆ. ಆದರೆ ಹೊಲದ ಗುಡಿಸಲಿನವರೆಗೆ ಯಾರಾದರೂ ಹೋಗಿ ಮಗುವಿನ ಹೆಸರು ಕೇಳಿದ ನಂತರವೇ ಅದು ಉಪಯೋಗಕ್ಕೆ ಬರುತ್ತದೆ.